ಎಲ್ಲರ ಫೋನಿನಲ್ಲೂ ಸುಗತ

ಹಲಸೂರಿನ ಬಜಾರ್ ಬೀದಿಯಿಂದ ಕಮ್ಮನಹಳ್ಳಿ ಮೇನ್ ರೋಡಿನವರೆಗೆ ‘ಕ್ಯಾಮೆರಾ ಸುಗತ’ ಎಂದರೆ ಗೊತ್ತಿಲ್ಲದ ಅಂಗಡಿಯವನಿರಲಿಲ್ಲ. ಈಗಲೂ ಗೊತ್ತು. ಆದರೆ ಈಗ ಆ ಹೆಸರೆತ್ತಿದರೆ ಮಾತು ಬೇರೆ ಕಡೆ ತಿರುಗುತ್ತದೆ, ಟೀ ಕುಡಿಯುತ್ತ ನಿಂತವರಿಗೆ ತಟ್ಟನೆ ಏನೋ ಕೆಲಸ ನೆನಪಾಗುತ್ತದೆ. ಅವನ ಬಗ್ಗೆ ಜನ ಆಡಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಸುಳ್ಳು. ಉಳಿದ ಕಾಲು ಪಾಲೇ ಅವನನ್ನು ಮುಗಿಸಿದ್ದು. ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ.

ಅಪ್ಪ ಮುನಿಶಾಮಿ ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರಲ್ಲಿ ಮಾಲಿ. ಭಾನುವಾರ ತಪ್ಪದೆ ಬುದ್ಧ ವಿಹಾರಕ್ಕೆ ಹೋಗುತ್ತಿದ್ದ ಮನುಷ್ಯ, ಮಗ ಹುಟ್ಟಿದಾಗ ಯಾರನ್ನೂ ಕೇಳದೆ ಬುದ್ಧನ ಹೆಸರನ್ನೇ, ಸುಗತ ಎಂದು, ಇಟ್ಟುಬಿಟ್ಟ. ಮಗ ಐಟಿಐ ಮುಗಿಸಿ ಕೇಬಲ್ ಟೀವಿ ವೈರು ಎಳೆಯುವ ಕೆಲಸಕ್ಕೆ ಸೇರಿದ. ಹಲಸೂರಿನಲ್ಲಿ ಅವನು ಹತ್ತದ ತಾರಸಿಯಿಲ್ಲ. ಕೇಬಲ್ ಮಂಕಾದ ಮೇಲೆ ಸಿಸಿಟಿವಿ ಹಿಡಿದು, ಹಲಸೂರಿನಲ್ಲೇ ಒಂದು ಚಿಕ್ಕ ಅಂಗಡಿ ಇಟ್ಟ. ಕೈ ಚುರುಕು, ಬಾಯಿ ಮೆತ್ತಗೆ, ಕರೆದ ದಿನವೇ ಬರುವವನು. ಇಂಥ ಮೆಕ್ಯಾನಿಕ್ಕನ್ನು ಬೆಂಗಳೂರಿನಲ್ಲಿ ಯಾರು ಬಿಡುತ್ತಾರೆ?

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸುಗತ ಕ್ಯಾಮೆರಾ ಹಾಕುತ್ತಿದ್ದ ಮನೆಗಳಲ್ಲಿ ಕೆಲವು, ಅವನ ತಾತನನ್ನು ಹಿತ್ತಿಲಲ್ಲೇ ನಿಲ್ಲಿಸಿ, ಅಲ್ಲೇ ಕೂಲಿ ಕೊಟ್ಟು ಕಳಿಸುತ್ತಿದ್ದ ಮನೆಗಳು. ಅದೇ ಮನೆಯವರು ಈಗ ಮೊಮ್ಮಗನ ಕೈಗೆ ಬೀಗದ ಕೈ ಕೊಟ್ಟು ತಿರುಪತಿಗೆ ಹೋಗುತ್ತಿದ್ದರು. “ಸುಗತ, ನಮ್ಮ ರೂಮಲ್ಲಿ ಎಸಿ ಪಕ್ಕ ಒಂದು ಪಾಯಿಂಟ್ ಇದೆ, ನೋಡ್ಬಿಡು, ನಾವು ಬರೋದು ಗುರುವಾರ” ಎನ್ನುತ್ತಿದ್ದರು. ಅಡುಗೆಮನೆ ದಾಟಿ ಮಲಗುವ ಕೋಣೆಗೆ ಹೋಗಿ ಏಣಿ ಹಾಕುವಾಗ ಸುಗತನಿಗೆ ಎದೆ ತುಂಬಿ ಬರುತ್ತಿತ್ತು. ಜನ ತನ್ನನ್ನು ನಂಬುತ್ತಾರೆ ಎಂಬುದಕ್ಕಿಂತ ದೊಡ್ಡ ಸಂಪಾದನೆ ಅವನಿಗೆ ಬೇರೆ ಇರಲಿಲ್ಲ. ಯಾರಾದರೂ ತನ್ನನ್ನು ನಂಬಿದರೆ, ತಾನು ಅವರನ್ನು ಅದಕ್ಕಿಂತ ಹೆಚ್ಚಾಗಿ ನಂಬಬೇಕು ಎಂಬ ಹುಚ್ಚು ಅವನಿಗಿತ್ತು.

ಮೊದಲೆಲ್ಲ ಕ್ಯಾಮೆರಾದ ರೆಕಾರ್ಡಿಂಗ್ ಮೆಟ್ಟಿಲ ಕೆಳಗಿನ ಒಂದು ಡಬ್ಬಿಯಲ್ಲಿ ಇರುತ್ತಿತ್ತು. ಕಳ್ಳರೂ ಬುದ್ಧಿವಂತರಾದರು, ಬೀರುವಿಗಿಂತ ಮೊದಲು ಆ ಡಬ್ಬಿಯನ್ನೇ ಹೊತ್ತುಕೊಂಡು ಹೋಗತೊಡಗಿದರು. ಆಮೇಲೆ ಬಂತು ಕ್ಲೌಡ್ ಕ್ಯಾಮೆರಾ. ಡಬ್ಬಿಯಿಲ್ಲ, ವೈರಿಲ್ಲ. ಚಿತ್ರವೆಲ್ಲ ನೇರ ಕಂಪನಿಯವರ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಆ ಕಂಪ್ಯೂಟರು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಫೋನಿನಲ್ಲಿ ಒಂದು ಆ್ಯಪ್ ಇದ್ದರೆ ಕೂತಲ್ಲಿಂದಲೇ ಅಂಗಡಿ ನೋಡಬಹುದು, ಬೆರಳಾಡಿಸಿದರೆ ಕ್ಯಾಮೆರಾದ ಕತ್ತು ಕೂಡ ತಿರುಗುತ್ತದೆ. ಸುಗತ ಅದನ್ನು ತೋರಿಸಿದಾಗ ಬಜಾರ್ ಬೀದಿಯ ಸೇಟುಗಳೆಲ್ಲ ಹೋ ಎಂದುಬಿಟ್ಟರು.

ಆದರೆ ಇದಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಲ್ಲಿ ಖಾತೆ ತೆರೆಯಬೇಕು. ಇಮೇಲ್ ಕೊಡಬೇಕು, ಪಾಸ್‌ವರ್ಡ್ ಇಡಬೇಕು, ಒಟಿಪಿ ಒತ್ತಬೇಕು. ಅಲ್ಲಿಗೆ ಬಂತು ತಕರಾರು. “ಅಯ್ಯೋ, ಅದೆಲ್ಲ ನಂಗ್ ಬರಲ್ಲಪ್ಪ, ನೀನೇ ಏನೋ ಒಂದು ಮಾಡ್ಬಿಡು” ಎಂದು ಒಬ್ಬರು. “ಪಾಸ್‌ವರ್ಡ್ ಮರ್ತೋಯ್ತು ಸುಗತ” ಎಂದು ವಾರಕ್ಕೊಮ್ಮೆ ಇನ್ನೊಬ್ಬರು. ಸುಗತ ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡ. ತನ್ನ ಹೆಸರಲ್ಲಿ, ತನ್ನ ನಂಬರಿನಲ್ಲಿ ಒಂದೇ ಒಂದು ಖಾತೆ ತೆರೆದ. ಎಲ್ಲರ ಕ್ಯಾಮೆರಾಗಳನ್ನೂ ಅದಕ್ಕೇ ಸೇರಿಸಿದ. ಎಲ್ಲರ ಫೋನಿನಲ್ಲೂ ತಾನೇ ಲಾಗಿನ್ ಮಾಡಿಕೊಟ್ಟ. ಅವರವರ ಕ್ಯಾಮೆರಾ ಮಾತ್ರ ಮುಂದಿನ ಪರದೆಯಲ್ಲಿ ಕಾಣುವ ಹಾಗೆ ನಕ್ಷತ್ರದ ಗುರುತು ಹಾಕಿದ. ಉಳಿದವು ಕೆಳಗೆ ಎಲ್ಲೋ, ಒಂದು ಗುಂಡಿ ಒತ್ತಿದರೆ ಸಾಲಾಗಿ ತೆರೆದುಕೊಳ್ಳುತ್ತಿದ್ದವು. ಇದು ಸುಗತನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

“ಯಾರು ಅದನ್ನ ಒತ್ತಿ ನೋಡ್ತಾರೆ? ಎಲ್ಲ ನಮ್ಮೋರೇ ಅಲ್ವಾ” ಎಂದಿದ್ದ, ಹೆಂಡತಿ ಭವ್ಯ ಕೇಳಿದಾಗ.

ಭವ್ಯಳಿಗೆ ಅದಕ್ಕಿಂತ ಒಟಿಪಿಯದೇ ಕಾಟ. ಗಂಡ ಊಟಕ್ಕೆ ಕೂತರೆ ಸಾಕು, ಫೋನು. ಯಾರೋ ಹೊಸ ಮೊಬೈಲ್ ತೆಗೆದುಕೊಂಡಿರುತ್ತಾರೆ, ಆ್ಯಪ್ ಹಾಕಿಕೊಂಡಿರುತ್ತಾರೆ, ಒಟಿಪಿ ಬಂದು ಬೀಳುವುದು ಸುಗತನ ಫೋನಿಗೆ. ಅನ್ನ ಕಲಸಿದ ಕೈಯನ್ನು ಮೇಲೆತ್ತಿ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಅಂಕಿಗಳನ್ನು ಓದಿ ಹೇಳುತ್ತಿದ್ದ. “ಬರ್ಕೋ ಗುರು... ನಾಲ್ಕು, ಏಳು...” ಯಾರು ಕೇಳಿದರು, ಯಾಕೆ ಕೇಳಿದರು, ಮಾತಾಡಿದ್ದು ಅವರೋ ಅವರ ತಮ್ಮನೋ, ಒಂದೂ ವಿಚಾರಿಸುತ್ತಿರಲಿಲ್ಲ. ವಿಚಾರಿಸಿದರೆ ಏನಂದುಕೊಳ್ಳುತ್ತಾರೆ? ಬೀಗದ ಕೈ ಕೊಟ್ಟವರ ಮೇಲೆ ಅನುಮಾನ ಪಟ್ಟ ಹಾಗಾಗುವುದಿಲ್ಲವೇ? ಇದು ಅವನ ಲೆಕ್ಕಾಚಾರ. ಒಳ್ಳೆಯ ಮನುಷ್ಯನ ಮೂರ್ಖತನ ಎಷ್ಟು ದೂರ ಹೋಗಬಲ್ಲುದೋ ಅಷ್ಟು ದೂರ ಇದು ಹೋಯಿತು.

ಮುನಿರಾಜಪ್ಪ ಎಂಬುವರು ಕೆ.ಆರ್. ಪುರದಲ್ಲಿ ಒಂದು ಚಿಕ್ಕ ಗಾರ್ಮೆಂಟ್ಸ್ ಇಟ್ಟಿದ್ದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೆಡ್ಡು ಎಬ್ಬಿಸಿ, ಮೆಷಿನ್ನು ಹಾಕಿಸಿ, ಶಾಲೆಯ ಯೂನಿಫಾರ್ಮ್ ಹೊಲಿಸುತ್ತಿದ್ದರು. ಹೊಲಿಯುವವರೆಲ್ಲ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಬಾಡಿಗೆ ರೂಮುಗಳಲ್ಲಿ ಇದ್ದ ಹೆಂಗಸರು. ಬಟ್ಟೆ ಕದಿಯುತ್ತಾರೆಂಬ ಗುಮಾನಿಯ ಮೇಲೆ ಮುನಿರಾಜಪ್ಪ ಶೆಡ್ಡಿಗೆಲ್ಲ ಕ್ಯಾಮೆರಾ ಹಾಕಿಸಿದರು. ಕೊನೆಗೆ ಹಿಂದಿನ ಕೋಣೆಗೂ ಒಂದು ಬೇಕು ಎಂದರು.

ಹಿಂದಿನ ಕೋಣೆ ಹೆಂಗಸರು ಬುತ್ತಿ ಬಿಚ್ಚುವ ಜಾಗ. ಸುಗತ ಏಣಿ ಹಾಕದೆ ನಿಂತ.

“ಸಾರ್, ಇಲ್ಲಿ ಬೇಡ ಸಾರ್. ಹೆಂಗಸ್ರು ಕೂತ್ಕೊಳ್ಳೋ ಜಾಗ.”

“ಲೇ, ಬ್ಯಾಗಲ್ಲಿ ಬಟ್ಟೆ ತುಂಬ್ಕೊಳ್ಳೋದೇ ಇಲ್ಲಿ ಕಣೋ. ಬಾಗ್ಲು ಕಡೆ ಮಾತ್ರ ತಿರುಗ್ಸು. ಯಾರು ಬಂದ್ರು, ಯಾರು ಹೋದ್ರು, ಅಷ್ಟು ಸಾಕು ನಂಗೆ” ಎಂದರು ಮುನಿರಾಜಪ್ಪ.

ಸುಗತ ಹಾಗೇ ಮಾಡಿದ. ಕ್ಯಾಮೆರಾದ ಕತ್ತನ್ನು ಬಾಗಿಲ ಕಡೆ ತಿರುಗಿಸಿ, ಫೋನಿನಲ್ಲಿ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡ. ಅವನು ಏಣಿಯಿಂದ ಇಳಿಯುವಾಗ ಕಂಕುಳಲ್ಲಿ ಗಂಡು ಕೂಸು ಎತ್ತಿಕೊಂಡ ಒಬ್ಬಳು ಬಾಗಿಲಲ್ಲಿ ನಿಂತಿದ್ದಳು. ಸೌಂದರ್ಯಾ ಎಂದು ಹೆಸರು. ಗಂಡ ಈರೇಶ ಹೂಡಿಯ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಕೂಸನ್ನು ಬಿಡಲು ಯಾರೂ ಇಲ್ಲದ್ದರಿಂದ ಅವಳು ಅದನ್ನು ಕೆಲಸಕ್ಕೇ ತರುತ್ತಿದ್ದಳು.

“ಅಣ್ಣಾ, ಇದರಾಗ ನಾವು ಕಾಣ್ತೀವೇನ್ರಿ? ನಾ ಇಲ್ಲೇ ಕೂತು ಕೂಸಿಗೆ ಹಾಲು ಕುಡಿಸ್ತೀನ್ರಿ” ಎಂದಳು.

“ಇಲ್ಲಮ್ಮ, ಬಾಗ್ಲು ಅಷ್ಟೇ ಕಾಣ್ಸೋದು. ನೀನು ಆರಾಮಾಗಿ ಕೂತ್ಕೋ. ನಾನೇ ಹಾಕಿರೋದು ಅಲ್ವಾ” ಎಂದ ಸುಗತ.

ಅವಳು ನಂಬಿದಳು. ಆಮೇಲೆ ಸುಗತ ಸರ್ವೀಸಿಗೆ ಹೋದಾಗಲೆಲ್ಲ ಟೀ ತಂದುಕೊಡುತ್ತಿದ್ದಳು, ಅವನು ಅವಳ ಫೋನಿನ ಚಾರ್ಜರ್ ಸರಿಮಾಡಿಕೊಟ್ಟಿದ್ದ. ಕ್ಯಾಮೆರಾದ ಕತ್ತು ಒಂದು ದಿನ ತನ್ನ ಕಡೆ ತಿರುಗಿದ್ದನ್ನು ಅವಳು ನೋಡಿಯೂ ಇದ್ದಳಂತೆ. ಫ್ಯಾನು ತಿರುಗುತ್ತದಲ್ಲ, ಇದೂ ಹಾಗೇ ತಾನಾಗಿ ತಿರುಗುತ್ತದೆ ಎಂದುಕೊಂಡು ಸುಮ್ಮನಿದ್ದಳು. ಅವಳ ತಪ್ಪೇನು? ಹಾಕಿದವನೇ ಧೈರ್ಯ ಹೇಳಿ ಹೋಗಿದ್ದ.

ಹಾಗೆ ತಿರುಗಿದ ಕ್ಯಾಮೆರಾದ ವಿಡಿಯೊ ಯಾವ ಯಾವ ವಾಟ್ಸಪ್ ಗ್ರೂಪುಗಳಲ್ಲಿ ಸುತ್ತಿತೋ, ಎಷ್ಟು ಜನ ಹಲ್ಲು ಕಿಸಿದರೋ, ಆ ಪಾಪಿಗಳ ಲೆಕ್ಕ ಯಾರಿಗೂ ಬೇಡ. ಈರೇಶನಿಗೆ ಅದನ್ನು ತೋರಿಸಿದ್ದು ಸೈಟಿನಲ್ಲಿ ಜೊತೆಗೆ ಸರಳು ಕಟ್ಟುತ್ತಿದ್ದವನು. ತಾಯಿಯೊಬ್ಬಳು ಸೆರಗು ಸರಿಸಿ ಮಗುವಿಗೆ ಹಾಲುಣಿಸುವುದು. ಅಷ್ಟೇ ಇದ್ದದ್ದು. ಅದರ ಕೆಳಗೆ ಬರೆದಿದ್ದ ಹೊಲಸು ಮಾತುಗಳು ಬೇರೆ. ಈರೇಶ ಮಧ್ಯಾಹ್ನವೇ ಯೂನಿಟ್ಟಿಗೆ ಬಂದು, ಎಲ್ಲರೆದುರು ಹೆಂಡತಿಯ ಕೆನ್ನೆಗೆ ಬಾರಿಸಿ, ಕೂಸನ್ನು ಕಿತ್ತುಕೊಂಡು ಸುರಪುರದ ಕಡೆಯ ತನ್ನ ಹಳ್ಳಿಗೆ ಬಸ್ಸು ಹತ್ತಿದ. ಹಾಲು ಬಿಡದ ಕೂಸು ಅದು. ಮುನಿರಾಜಪ್ಪ ಕ್ಯಾಮೆರಾ ಕಿತ್ತು ಬಿಸಾಡಿದರು, ಅದರ ಜೊತೆಗೆ ಸೌಂದರ್ಯಾಳನ್ನೂ ಕೆಲಸದಿಂದ ತೆಗೆದರು.

ಅವಳು ಸುಗತನ ಅಂಗಡಿ ಹುಡುಕಿಕೊಂಡು ಹಲಸೂರಿಗೆ ಬಂದಾಗ ಭವ್ಯಳೂ ಅಲ್ಲೇ ಇದ್ದಳು. ಸೌಂದರ್ಯಾ ಅಳಲಿಲ್ಲ. ರವಿಕೆಯ ಮುಂಭಾಗ ಒದ್ದೆಯಾಗಿತ್ತು, ಸೆರಗಿನಿಂದ ಒತ್ತಿ ಹಿಡಿದುಕೊಂಡು ಮಾತಾಡಿದಳು.

“ನಮ್ಮ ಮಾವ ಹಂಪಣ್ಣ ಅದಾರಲ್ರಿ, ಅವ್ರು ಹೇಳ್ಯಾರ. ನಿನಗ ಗೊತ್ತಿದ್ದೇ ತೆಗೆಸಿಕೊಂಡೀ ಅಂತ ಊರ ಮಂದಿ ಅಂತಾರ. ಯಾವನೋ ಕಳ್ಳ ತೆಗೆದಾನ ಅಂದ್ರ ಅವನ ಹೆಸರು ತಗೊಂಡು ಬಾ. ಹೆಸರು ತಂದ್ರ ಕೂಸು ಕೊಡ್ತೀವಿ, ಇಲ್ಲಾಂದ್ರ ಇಲ್ಲ ಅಂತ. ಒಂದು ಹೆಸರು ಹುಡುಕಿ ಕೊಡ್ರಿ ಅಣ್ಣ. ನಿಮಗ ಈ ಕ್ಯಾಮ್ರಾದ್ದೆಲ್ಲ ಗೊತ್ತೈತಲ್ರಿ.”

ಭವ್ಯ ಅವಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು. ಸುಗತ, ಯಾವನೋ ಹ್ಯಾಕರ್ ಬಡ್ಡೀಮಗ ಎಲ್ಲೋ ಕೂತು ಕಂಪನಿಯ ಕಂಪ್ಯೂಟರಿಗೆ ಕನ್ನ ಹಾಕಿದ್ದಾನೆ, ಅವನನ್ನು ಹಿಡಿಯದೆ ಬಿಡುವುದಿಲ್ಲ ಎಂದು ಕೂಗಾಡಿದ. “ಹೆಸ್ರು ತಂದ್ಕೊಡ್ತೀನಿ ತಾಯಿ. ನನ್ನ ಮಾತು” ಎಂದ. ತಾನೇ ಜೊತೆಗೆ ನಿಂತು ಪೊಲೀಸರಿಗೆ ದೂರು ಬರೆಸಿದ. ಕಂಪನಿಗೆ ಪತ್ರ ಬರೆದಿದ್ದೇವೆ, ಉತ್ತರ ಬರಲಿ ಎಂದರು ಅವರು.

ಸುಗತನಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಹಿಂದೆ ಹಳೇ ಮೊಬೈಲು ಕೊಳ್ಳುವ, ಮಾರುವ ಅನೀಸ್ ಅವನ ಬಾಲ್ಯದ ಗೆಳೆಯ. ಫೋನಿನ ಹೊಟ್ಟೆಯೊಳಗಿನದೆಲ್ಲ ಬಲ್ಲವನು. ಹ್ಯಾಕರ್ ಹೇಗೆ ಒಳಗೆ ಬಂದಿರಬಹುದು ಎಂದು ಸುಗತ ಕೇಳಿದಾಗ ಅನೀಸ್ ನಕ್ಕ. ಡ್ರಾಯರ್ ಎಳೆದು, ಕೈಯಾಡಿಸಿ, ಗಾಜು ಒಡೆದ ಒಂದು ಫೋನು ತೆಗೆದ.

“ಇದು ಯಾರ್ದು ಹೇಳು ನೋಡಣ.”

“ಯಾರ್ದು?”

“ನೀನೇ ತಂದಿದ್ದಲ್ಲೋ ಭಾಯ್. ನಿನ್ನ ಕಮ್ಮನಹಳ್ಳಿ ಬೇಕರಿ ಗಿರಾಕಿ ಹೊಸ ಫೋನ್ ತಗೊಂಡಾಗ. ಒಳ್ಳೆ ರೇಟ್ ಕೊಡು ಅಂತ ನೀನೇ ಜಗಳ ಆಡ್ದೆ.”

ಹೌದು, ಅದೂ ಸುಗತನ ಸೇವೆಯೇ. ಗಿರಾಕಿಗಳು ಹೊಸ ಫೋನು ತೆಗೆದುಕೊಂಡರೆ ಹಳೆಯದನ್ನು ಅನೀಸನ ಬಳಿ ಮಾರಿಕೊಡುತ್ತಿದ್ದ. ಫೋಟೊ ಅಳಿಸಿಕೊಡುತ್ತಿದ್ದ, ಸಿಮ್ ತೆಗೆದುಕೊಡುತ್ತಿದ್ದ. ಆ್ಯಪ್ ಕಡೆ ತಲೆ ಹೋಗಿರಲಿಲ್ಲ. ಅನೀಸ್ ಫೋನನ್ನು ಅಂಗಡಿಯ ವೈಫೈಗೆ ಹಚ್ಚಿ, ಆ್ಯಪ್ ಮುಟ್ಟಿದ. ಪಾಸ್‌ವರ್ಡ್ ಕೇಳಲಿಲ್ಲ, ಒಟಿಪಿ ಕೇಳಲಿಲ್ಲ. ಸಲೀಸಾಗಿ ತೆರೆದುಕೊಂಡಿತು. ಕೆಳಗಿನ ಗುಂಡಿ ಒತ್ತಿದ. ಕಲ್ಯಾಣ ನಗರದ ಒಂದು ಮನೆಯ ಹಾಲಿನಲ್ಲಿ ಮುದುಕಿಯೊಬ್ಬರಿಗೆ ಯಾರೋ ಗಂಜಿ ಕುಡಿಸುತ್ತಿದ್ದರು, ಗಂಜಿ ಗದ್ದದ ಮೇಲೆ ಇಳಿಯುತ್ತಿತ್ತು. ಇನ್ನೊಂದರಲ್ಲಿ ಒಬ್ಬ ಹುಡುಗಿ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಇನ್ನೊಂದರಲ್ಲಿ ಸುಗತನದೇ ಅಂಗಡಿ. ಭವ್ಯ ಗಲ್ಲಾದ ಹಿಂದೆ ಒಬ್ಬಳೇ ಕೂತು, ಬಾಗಿಲ ಕಡೆ ನೋಡಿ, ಆಕಳಿಸಿದಳು.

ಸುಗತ, ತನ್ನ ಹೆಂಡತಿಯನ್ನು ತಾನೇ ಕಳ್ಳನ ಹಾಗೆ ನೋಡುತ್ತಿದ್ದೇನೆ ಎನಿಸಿ ಫೋನನ್ನು ಬೋರಲು ಹಾಕಿದ.

“ಇಂಥವು ಎಷ್ಟು ಮಾರಿದ್ದೀಯ ಅನೀಸ್?”

“ಯಾರಿಗೆ ನೆನಪಿರುತ್ತೆ ಭಾಯ್. ಚೆನ್ನೈಗೆ ಹೋದವು, ಹೈದರಾಬಾದಿಗೆ ಹೋದವು. ರೀಸೆಟ್ ಮಾಡಿದ್ದೂ ಇದೆ, ಮಾಡ್ದೇ ಇರೋದೂ ಇದೆ.” ಅನೀಸ್ ಗೆಳೆಯನ ಮುಖ ನೋಡಿ ನಗು ನಿಲ್ಲಿಸಿದ. “ಹೋಗ್ಲಿ ಬಿಡು, ಟೀ ಕುಡಿ.”

ಸುಗತ ಟೀ ಕುಡಿಯಲಿಲ್ಲ. ಅಲ್ಲಿಂದ ನೇರ ಇಂದಿರಾನಗರಕ್ಕೆ ಬಂದ. ನೂರಡಿ ರಸ್ತೆಯ ಪಕ್ಕದಲ್ಲಿ, ಹಿಂದೆ ಯಾರದೋ ಮನೆಯಾಗಿದ್ದ ಕಟ್ಟಡದಲ್ಲಿ ಆ ಕ್ಯಾಮೆರಾ ಕಂಪನಿಯ ಸರ್ವೀಸ್ ಆಫೀಸಿತ್ತು. ಮೇಲಿನ ಮಹಡಿ ಪಬ್ಬು. ಅಲ್ಲಿಂದ ದಬದಬ ಸದ್ದು ಇಳಿದು ಬರುತ್ತಿತ್ತು. ಕೌಂಟರಿನಲ್ಲಿದ್ದ ಜಹನಾರಾ ಎಂಬ ಎಂಜಿನಿಯರ್ ಹುಡುಗಿಗೆ ಸುಗತನ ಪರಿಚಯವಿತ್ತು, ಇಷ್ಟು ಕ್ಯಾಮೆರಾ ಕೊಳ್ಳುವವನನ್ನು ಅವಳು ಮರೆಯುವುದುಂಟೇ. ಕಂಪ್ಯೂಟರಿನಲ್ಲಿ ಅವನ ಖಾತೆ ತೆರೆದು, ಹುಬ್ಬು ಗಂಟಿಕ್ಕಿದಳು.

“ಸಾರ್, ಇದೊಂದೇ ಅಕೌಂಟಾ? ಎಲ್ಲಾ ಕಸ್ಟಮರ್ಸ್‌ಗೂ?”

“ಹೌದಮ್ಮ.”

“ಪಾಸ್‌ವರ್ಡ್ ಯಾರ್ ಯಾರಿಗೆ ಗೊತ್ತು?”

“ಯಾರಿಗೂ ಹೇಳಿಲ್ಲ. ಅಂದ್ರೆ... ಫೋನಲ್ಲಿ ಹಾಕ್ಕೊಡುವಾಗ ನೋಡಿರ್ತಾರೆ. ಕೆಲವರು ಬರ್ಕೊಂಡಿದ್ದಾರೆ.”

“ಒಟಿಪಿ?”

ಸುಗತ ಕೌಂಟರಿನ ಅಂಚನ್ನು ಉಗುರಿನಿಂದ ಕೆರೆದ. ಅವಳಿಗೆ ಅರ್ಥವಾಯಿತು.

“ಕ್ಯಾಮೆರಾ ಲಿಂಕ್ ಯಾರಿಗಾದ್ರೂ ಶೇರ್ ಮಾಡಿದ್ರಾ? ಲಿಂಕ್ ಸಿಕ್ಕಿದ ಯಾರು ಬೇಕಾದ್ರೂ ನೋಡೋ ಥರ?”

ಮಾಡಿದ್ದ. ಮುನಿರಾಜಪ್ಪನವರ ತಾಯಿ ದೊಡ್ಡಮುನಿಯಮ್ಮನಿಗೆ ಆ್ಯಪ್ ಕಾಟ ಬೇಡವೆಂದು ಯೂನಿಟ್ಟಿನ ಕ್ಯಾಮೆರಾಗಳ ಲಿಂಕನ್ನು ವಾಟ್ಸಪ್ಪಿಗೆ ಹಾಕಿದ್ದ. ಮುದುಕಿ ಅದನ್ನು ನೋಡಿ ಖುಷಿಯಾಗಿ, ನಮ್ಮ ಫ್ಯಾಕ್ಟ್ರಿ ನೋಡಿ ಎಂದು ನೆಂಟರಿಷ್ಟರ ಗ್ರೂಪಿಗೆಲ್ಲ ಕಳಿಸಿದ್ದರು. ಆಗ ಅದನ್ನು ಕೇಳಿ ಸುಗತನೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ.

“ನಿಮ್ಮ ಸ್ಟೋರೇಜ್ ತುಂಬಿದೆ, ಇಲ್ಲಿ ಒತ್ತಿ ಅಂತ ಮೆಸೇಜ್ ಏನಾದ್ರೂ ಬಂದಿತ್ತಾ?”

“ಬಂದಿತ್ತು. ನಿಮ್ಮ ಕಂಪನಿದೇ ಅಲ್ವಾ ಅದು?”

“ಒತ್ತಿದ್ರಾ?”

ಒತ್ತಿದ್ದ. ಕಲ್ಯಾಣ ನಗರದಲ್ಲಿ ಏಣಿ ಮೇಲೆ ನಿಂತು, ಒಂದು ಕೈಯಲ್ಲಿ ಡ್ರಿಲ್ಲು ಹಿಡಿದುಕೊಂಡೇ ಪಾಸ್‌ವರ್ಡ್ ಹೊಡೆದು ಕಳಿಸಿದ್ದ. ಏನೂ ಆಗಲಿಲ್ಲವಲ್ಲ ಎಂದು ಮರೆತುಬಿಟ್ಟಿದ್ದ.

ಜಹನಾರಾ ಕುರ್ಚಿಗೆ ಒರಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಸುಗತನಿಗೆ ಹೆಚ್ಚು ಭಯವಾಯಿತು. “ಸಾರ್, ಕ್ಲೌಡ್ ಅಂದ ತಕ್ಷಣ ಎಲ್ರೂ ಹ್ಯಾಕರ್ ಹ್ಯಾಕರ್ ಅಂತಾರೆ. ನಮ್ಮ ಸರ್ವರ್ ಯಾರೂ ಒಡ್ದಿಲ್ಲ. ಸಾಮಾನ್ಯವಾಗಿ ಆಗೋದೇ ಹಂಗೆ. ಹಂಚ್ಕೊಂಡ ಪಾಸ್‌ವರ್ಡು, ಓದಿ ಹೇಳಿದ ಒಟಿಪಿ, ತೆರೆದಿಟ್ಟ ಲಿಂಕು, ಲಾಗೌಟ್ ಮಾಡದ ಹಳೇ ಫೋನು, ಸುಳ್ಳು ಮೆಸೇಜು. ಇದ್ರಲ್ಲಿ ಯಾವ್ದಾದ್ರೂ ಒಂದು ಇರುತ್ತೆ. ನಿಮ್ಮಲ್ಲಿ ಎಲ್ಲಾನೂ ಇದೆ.”

“ಆಯ್ತಮ್ಮ, ನಂದೇ ತಪ್ಪು. ಆದ್ರೆ ಮಾಡಿದೋನು ಒಬ್ಬನೇ ತಾನೇ? ಯಾವ ಫೋನಿಂದ ಆ ಕ್ಯಾಮೆರಾ ತಿರುಗ್ಸಿದ್ರು, ಯಾರು ವಿಡಿಯೊ ಇಳಿಸ್ಕೊಂಡ್ರು, ಅದೊಂದು ಹೇಳ್ಬಿಡು. ಒಂದು ಹೆಸ್ರು ಸಾಕು. ಒಂದು ಕೂಸಿನ ಪ್ರಶ್ನೆ.”

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಪೊಲೀಸರು ಕೇಳಿದ್ದಕ್ಕೆ ಆಗಲೇ ಇದನ್ನೇ ಕಳಿಸಿಯಾಗಿದೆ ಎಂದಳು. ಯಾವ ಫೋನು, ಯಾವ ಊರು ಎಂಬ ವಿವರ ಇಟ್ಟುಕೊಳ್ಳುವುದು ದುಬಾರಿ ಪ್ಲಾನಿನಲ್ಲಿ ಮಾತ್ರ. ಸುಗತ ಗಿರಾಕಿಗಳಿಗೆ ಹೊರೆಯಾಗಬಾರದೆಂದು ತೆಗೆದುಕೊಂಡಿದ್ದು ಎಲ್ಲಕ್ಕಿಂತ ಅಗ್ಗದ್ದು. ಅದರಲ್ಲಿ ಉಳಿಯುವುದು ಒಂದೇ ಸಾಲು, ಯಾವ ಖಾತೆಯಿಂದ ಎಂಬುದು. ಕ್ಯಾಮೆರಾ ತಿರುಗಿಸಿದವರು: ಸುಗತ ಎಂ. ನೇರ ನೋಡಿದವರು: ಸುಗತ ಎಂ. ವಿಡಿಯೊ ಇಳಿಸಿಕೊಂಡವರು: ಸುಗತ ಎಂ. ಮತ್ತೆ ನೋಡಿದವರು, ಮತ್ತೆ ತಿರುಗಿಸಿದವರು, ಕೆಳಗಿನವರೆಗೂ ಅದೇ ಹೆಸರು.

ಅಪ್ಪ ಮುನಿಶಾಮಿ ಅಷ್ಟು ಆಸೆಯಿಂದ ಇಟ್ಟ ಹೆಸರು ಅದು. ಸುಗತ ಅದನ್ನು ಓದಿದ, ಮತ್ತೊಮ್ಮೆ ಓದಿದ. ಯಾರೋ ಒಬ್ಬ ಅವನ ಹೆಸರು ಹಾಕಿಕೊಂಡು ಆ ಕೋಣೆಗೆ ಹೋಗಿ ಕೂತಿದ್ದ, ದಿನಾ ಹೋಗಿ ಕೂತಿದ್ದ. ಅವನು ಬೀಗದ ಕೈ ಕೊಟ್ಟ ಮನೆಯವನಿರಬಹುದು, ಬೇಕರಿಯವನಿರಬಹುದು, ದೊಡ್ಡಮುನಿಯಮ್ಮನ ಯಾವುದೋ ನೆಂಟನಿರಬಹುದು, ಹೈದರಾಬಾದಿನಲ್ಲಿ ಒಡೆದ ಫೋನು ಕೊಂಡವನಿರಬಹುದು. ನಾಳೆ ಎದುರಿಗೇ ಬಂದು ‘ಏನ್ ಸುಗತ, ಊಟ ಆಯ್ತಾ’ ಎಂದರೂ ಗೊತ್ತಾಗುವುದಿಲ್ಲ.

“ಇದ್ರಲ್ಲಿ ನಾನಲ್ಲ ಅಂತ ಹೆಂಗೆ ತೋರಿಸ್ಲಿ?” ಎಂದ.

“ಆಗಲ್ಲ ಸಾರ್” ಎಂದಳು ಜಹನಾರಾ.

ಪಾಸ್‌ವರ್ಡ್ ಬದಲಾಯಿಸಿ ಅವನು ಹೊರಗೆ ಬಂದಾಗ ಎಲ್ಲರ ಫೋನಿನಲ್ಲೂ ಕ್ಯಾಮೆರಾ ನಿಂತುಹೋಗಿತ್ತು. ಒಬ್ಬರಾದ ಮೇಲೆ ಒಬ್ಬರು ಕರೆ ಮಾಡತೊಡಗಿದರು. ಪ್ರತಿ ಹೆಸರು ಪರದೆಯ ಮೇಲೆ ಬಂದಾಗಲೂ ಸುಗತ ಅದನ್ನೇ ದಿಟ್ಟಿಸಿದ. ಇವನೇ ಇರಬಹುದೇ? ಇವನೇ? ಹತ್ತು ವರ್ಷ ಒಬ್ಬರ ಮೇಲೂ ಅನುಮಾನ ಪಡದೆ ಇದ್ದವನಿಗೆ ಒಂದು ಮಧ್ಯಾಹ್ನದಲ್ಲಿ ಎಲ್ಲರ ಮೇಲೂ ಅನುಮಾನ ಬಂತು. ಒಂದು ಕರೆಯನ್ನೂ ತೆಗೆಯಲಿಲ್ಲ.

ಸೌಂದರ್ಯಾಳ ರೂಮು ಕೆ.ಆರ್. ಪುರದ ರೈಲ್ವೆ ಹಳಿಯ ಆಚೆ, ತಗಡಿನ ಸಾಲಿನಲ್ಲಿತ್ತು. ಸುಗತ ಬಾಗಿಲಲ್ಲೇ ನಿಂತ. ಒಳಗೆ ತೊಟ್ಟಿಲಿಗೆಂದು ಕಟ್ಟಿದ ಸೀರೆ ಖಾಲಿಯಾಗಿ ಇಳಿಬಿದ್ದಿತ್ತು. ಅವಳು ಅವನ ಮುಖವನ್ನೂ ನೋಡದೆ, “ಹೆಸರು ಸಿಕ್ತೇನ್ರಿ ಅಣ್ಣ?” ಎಂದಳು.

ಸುಳ್ಳು ಹೇಳಬಹುದಿತ್ತು. ಯಾವುದೋ ಊರಿನ, ಯಾವುದೋ ಹೆಸರು. ಸುಗತನಿಗೆ ಅದು ಹೊಳೆಯಲೇ ಇಲ್ಲ, ಅಂಥ ಬುದ್ಧಿ ಅವನಿಗೆ ಯಾವತ್ತೂ ಇರಲಿಲ್ಲ.

“ಸಿಕ್ತು. ನಂದೇ ಬಂದಿದೆ” ಎಂದ.

ಆಮೇಲೆ ಎಲ್ಲ ಹೇಳಿದ. ಒಂದೇ ಖಾತೆ, ಒಟಿಪಿ, ಲಿಂಕು, ಅನೀಸನ ಡ್ರಾಯರು, ಏನೂ ಬಿಡಲಿಲ್ಲ. ನಾನು ನೋಡಿಲ್ಲ ತಾಯಿ, ನನ್ನ ಮಗಳಾಣೆ ನೋಡಿಲ್ಲ, ಆದರೆ ನೋಡಿದವನಿಗೆ ಬಾಗಿಲು ತೆಗೆದುಕೊಟ್ಟವನು ನಾನೇ ಎಂದು ಅಳುತ್ತ ಹೊಸ್ತಿಲ ಮೇಲೆ ಕುಸಿದು ಕೂತ. ಸೌಂದರ್ಯಾ ಕೇಳಿಸಿಕೊಂಡಳು. ಅರ್ಧ ಅರ್ಥವಾಯಿತೋ, ಅದೂ ಇಲ್ಲವೋ. ಅವಳಿಗೆ ಬೇಕಾದದ್ದು ಅದಲ್ಲ.

“ನೀವು ಮಾಡಿಲ್ಲ ಅಂತ ನಂಗ ಗೊತ್ರಿ” ಎಂದಳು. “ಆದ್ರ ಅವ್ರು ಒಂದು ಹೆಸರು ಕೇಳ್ಯಾರ. ಕಂಪನಿಯವ್ರು ಕೊಟ್ಟ ಹೆಸರು ಇದು, ಪೊಲೀಸ್ರ ಹಂತ್ಯಾಕೂ ಇದೇ ಐತಿ. ಇದನ್ನ ಹೇಳ್ಲೇನ್ರಿ ಅಣ್ಣ? ನಂಗ ನನ್ನ ಕೂಸು ಬೇಕು.”

ಸುಗತನ ಕಣ್ಣ ಮುಂದೆ ಭವ್ಯ ಬಂದಳು. ಶಾಲೆಗೆ ಹೋಗುವ ಮಗಳು ನಂದಿತಾ ಬಂದಳು. ಬಜಾರ್ ಬೀದಿ ಬಂತು, ತಾತ ನಿಂತಿರುತ್ತಿದ್ದ ಹಿತ್ತಿಲು ಬಂತು. ತಲೆ ಎತ್ತದೆ, “ಹೇಳು” ಎಂದ.

ಅವಳು ಅಲ್ಲೇ ಈರೇಶನಿಗೆ ಕರೆ ಮಾಡಿದಳು. ಫೋನನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು, ಸ್ಪೀಕರ್ ಒತ್ತಿದಳು. ಅತ್ತ ಕಡೆ ಮೊದಲು ಕೇಳಿಸಿದ್ದು ಕೂಸಿನ ಅಳು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಆಮೇಲೆ ಕೈ ತೆಗೆದು ಗಡಬಡಿಸಿ ಹೇಳಿದಳು.

“ಹೆಸರು ಸಿಕ್ಕೈತ್ರಿ. ಸುಗತ ಅಂತ. ಕಂಪನಿಯವ್ರೇ ಬರೆದು ಕೊಟ್ಟಾರ. ಪೊಲೀಸ್ರಿಗೂ ಕೊಟ್ಟಾರ. ಅವನೇ ತೆಗೆದಾನ ಅಂತ ಐತಿ. ನನ್ನ ತಪ್ಪಿಲ್ರಿ. ನಾ ನಾಳೆ ಬರ್ತೀನಿ, ಕೂಸಿನ್ನ...”

“ಯಾರ ಅವ ಸುಗತ?” ಎಂದ ಈರೇಶ. ಕೂಗಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು, ಆ ದನಿಯಲ್ಲಿ ಒಂದು ಎಳೆ ಆಸೆಯೂ ಇತ್ತು. “ನಿನಗ ಗುರ್ತ ಅದಾನೇನು?”

ಸೌಂದರ್ಯಾ ಒಂದು ಕ್ಷಣವೂ ಯೋಚಿಸಲಿಲ್ಲ. “ಹೂನ್ರಿ, ಕ್ಯಾಮ್ರಾ ಹಾಕಿದ ಅಣ್ಣ. ನಮ್ಮ ಗಾರ್ಮೆಂಟ್ಸಿಗೆ ಬರ್ತಿದ್ರಲ್ರಿ, ನನ್ನ ಫೋನ್ ಚಾರ್ಜರ್ ರಿಪೇರಿ ಮಾಡಿ ಕೊಟ್ಟಿದ್ರಲ್ಲ, ಅವ್ರು” ಎಂದಳು.

ಅತ್ತ ಕಡೆ ಕೂಸನ್ನು ಯಾರೋ ದೂರ ಎತ್ತಿಕೊಂಡು ಹೋದರು, ಅಳು ಸಣ್ಣದಾಯಿತು.

“ಗುರ್ತಿನವನ ಹೌದಲ್ಲ ಹಂಗಾರ” ಎಂದ ಈರೇಶ. “ನೀನೇ ತೆಗೆಸಿಕೊಂಡೀ ಅಂತ ಅಪ್ಪ ಹೇಳಿದ್ದು ಖರೇನ ಆತು.”

ಫೋನು ಕಟ್ಟಾಯಿತು. ಸುಗತ ನುಗ್ಗಿ ಅದನ್ನು ಎತ್ತಿಕೊಂಡ, ನಾನು ಮಾತಾಡ್ತೀನಿ, ನಾನು ಹೇಳ್ತೀನಿ ಎಂದು ಮತ್ತೆ ಮತ್ತೆ ಒತ್ತಿದ. ರಿಂಗೇ ಆಗಲಿಲ್ಲ. ತನ್ನ ಸ್ವಂತ ಫೋನಿನಿಂದ ಮಾಡಿದ, ಯಾರೋ ಎತ್ತಿದರು. “ನಾನು ಸುಗತ ಮಾತಾಡ್ತಿರೋದು” ಎನ್ನುತ್ತಿದ್ದಂತೆ ಅದೂ ಕಟ್ಟಾಯಿತು.

ಸೌಂದರ್ಯಾ ನೆಲ ನೋಡುತ್ತ ಕೂತಿದ್ದಳು. ಆಮೇಲೆ, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕೇಳುವವಳ ಹಾಗೆ ಅವನ ಮುಖ ನೋಡಿದಳು.

“ನಿಮ್ಮ ಗುರ್ತಿಲ್ಲ ಅಂದಿದ್ರ ಕೂಸು ಕೊಡ್ತಿದ್ರಲ್ರಿ?” ಎಂದಳು.